ಯಾರಿಗೂ ಗೊತ್ತಿಲ್ಲದ ಸಣ್ಣ ಸ್ಟಾರ್ಟಪ್‌ನಲ್ಲಿ ಮೂರು ವರ್ಷ ಕಳೆದಿದ್ದೇನೆ, ಮುಂದೆ ತೊಂದರೆ ಆಗುತ್ತಾ?

ತೆಂಗಿನಸೀಮೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ನಾನು ತಿಪಟೂರು ಕಡೆಯವನು. ಬಿಇ ಮುಗಿಸಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನ ಒಂದು ಸಣ್ಣ ಕಂಪನಿ ಸೇರಿ ಮೂರು ವರ್ಷ ದಾಟಿತು. ಸೇರಿದಾಗ 26 ಜನ ಇದ್ದೆವು, ಈಗ 14. ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಬೆಳಿಗ್ಗೆ ರೈತರು ಹಾಲು ತಂದು ಹಾಕಿದಾಗ ತೂಕದ ಮೆಷಿನ್ನಿಂದ ಲೀಟರು, ಹಾಲು ಪರೀಕ್ಷಿಸುವ ಅನಲೈಸರ್‌ನಿಂದ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ನೇರವಾಗಿ ನಮ್ಮ ಪ್ರೋಗ್ರಾಮಿಗೆ ಬರುತ್ತವೆ. ಅದು ರೇಟು ಲೆಕ್ಕ ಹಾಕಿ ರೈತರ ಮೊಬೈಲಿಗೆ ಎಸ್‌ಎಂಎಸ್ ಕಳಿಸುತ್ತದೆ. ಹಳ್ಳಿಯಲ್ಲಿ ಬೆಳಿಗ್ಗೆ ಆರಕ್ಕೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಆದರೂ ಒಂದು ಲೀಟರಿನ ಲೆಕ್ಕವೂ ತಪ್ಪಬಾರದು, ಒಂದೇ ಎಂಟ್ರಿ ಎರಡು ಸಲ ಏರಬಾರದು. ಆ ಭಾಗ ಪೂರ್ತಿ ನಾನೇ ಬರೆದಿದ್ದು.

ಕಳೆದ ತಿಂಗಳು ಒಂದು ದೊಡ್ಡ ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಅವರು ಕೇಳಿದ ಮೊದಲ ಮಾತೇ, "ಈ ಕಂಪನಿ ಹೆಸರು ಕೇಳೇ ಇಲ್ವಲ್ಲ, ಏನು ಮಾಡ್ತಾರೆ?" ನಾನು ತಡವರಿಸಿದೆ. ಕೊನೆಗೆ ಆಫರ್ ಬಂತು. ಆದರೆ ಫ್ರೆಶರ್‌ಗಿಂತ ಸ್ವಲ್ಪ ಮೇಲಿನ ಹಂತಕ್ಕೆ, ಸಂಬಳ ಈಗಿನಷ್ಟೇ. ಉತ್ತರ ಕೊಡಲು ಎರಡು ವಾರ ಟೈಮ್ ಇದೆ. ಅಪ್ಪ "ದೊಡ್ಡ ಹೆಸರು, ಸೇರಿಬಿಡು" ಅನ್ನುತ್ತಾರೆ. ನನಗೆ ಇಲ್ಲಿಯ ಕೆಲಸ ಇಷ್ಟ. ಹೆಸರಿಲ್ಲದ ಕಡೆ ಇನ್ನೂ ಎರಡು ವರ್ಷ ಇದ್ದರೆ ಹತ್ತು ವರ್ಷ ಆದಮೇಲೂ ಅದು ಕಾಡುತ್ತಾ? ಅನುಭವ ಇದ್ದವರು ಹೇಳಿ.

ಬೆಳ್ಳಂದೂರು_ಕೆರೆ:
ಹೆಸರಿಗೆ ಬೆಲೆ ಇದೆ ಗುರು. ಇಲ್ಲ ಅನ್ನೋರ ಮಾತು ನಂಬಬೇಡ. ಸೇರಿಬಿಡು.

ಹಳೇ_ಬೇರು:
1981ರಲ್ಲಿ ಪುಣೆಯಲ್ಲಿ ಏಳು ಜನ ಹತ್ತು ಸಾವಿರ ರೂಪಾಯಿ ಇಟ್ಟುಕೊಂಡು ಇನ್ಫೋಸಿಸ್ ಶುರು ಮಾಡಿದಾಗ ಅದರ ಹೆಸರು ಯಾರಿಗೆ ಗೊತ್ತಿತ್ತು? 1983ರಲ್ಲಿ ಬೆಂಗಳೂರಿಗೆ ಬಂತು. 1993ರಲ್ಲಿ ಷೇರು ಬಿಟ್ಟಾಗಲೂ ಜನ ಪೂರ್ತಿ ಕೊಳ್ಳಲಿಲ್ಲ. ಆ ಕಾಲದಲ್ಲಿ ಅಲ್ಲಿ ಸೇರಿದವರನ್ನೂ ಮನೆಯವರು "ಸರ್ಕಾರಿ ಕೆಲಸ ಬಿಟ್ಟು ಇದೆಂಥದ್ದು" ಅಂತಲೇ ಕೇಳಿರುತ್ತಾರೆ. ನಾನು ಪಬ್ಲಿಕ್ ಸೆಕ್ಟರ್‌ನಲ್ಲಿ 31 ವರ್ಷ ದುಡಿದವನು. ಅವತ್ತು ನಮ್ಮ ಜೊತೆ ಓದಿದ ಇಬ್ಬರು ಅಂಥ ಸಣ್ಣ ಕಂಪನಿಗಳಿಗೆ ಹೋದಾಗ ಅಯ್ಯೋ ಪಾಪ ಅಂದುಕೊಂಡಿದ್ದೆವು.

ಬೆಳ್ಳಂದೂರು_ಕೆರೆ:
ಸರ್, ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಟ್ಯಾಕ್ಸಿ ಫಾರ್ ಶ್ಯೂರ್ ಇಲ್ಲೇ ಬೆಂಗಳೂರಲ್ಲಿ 2011ರಲ್ಲಿ ಶುರುವಾಯಿತು. 2015ರಲ್ಲಿ ಓಲಾ ಕೊಂಡಿತು, 2016ರಲ್ಲಿ ಬಾಗಿಲು ಹಾಕಿತು. ಕೂ ಆ್ಯಪ್‌ನಲ್ಲಿ ನಾವೆಲ್ಲ ಕನ್ನಡದಲ್ಲಿ ಬರೆದಿದ್ದೇ ಬರೆದಿದ್ದು, 2024ರ ಜುಲೈನಲ್ಲಿ ಅದೂ ನಿಂತಿತು. ಇವೆಲ್ಲ ಹೆಸರು ಮಾಡಿದವು. ಹೆಸರೇ ಮಾಡದೆ ಮುಚ್ಚಿದವಕ್ಕೆ ಲೆಕ್ಕ ಎಲ್ಲಿದೆ?

ಕರಾವಳಿ_ಕೋಡ್:
ಮುಚ್ಚುವುದು ಬೇರೆ, ಗೊತ್ತಿಲ್ಲದಿರುವುದು ಬೇರೆ ಮಾರಾಯ್ರೇ. ನಮ್ಮ ಉಡುಪಿಯಲ್ಲಿ ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ 1996ರಿಂದ ಇದೆ. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಅದನ್ನು ಕೊಂಡಿತು. ಕರಾವಳಿ ದಾಟಿದರೆ ಎಷ್ಟು ಜನ ಆ ಹೆಸರು ಕೇಳಿದ್ದಾರೆ ಹೇಳಿ? ಬೆಂಗಳೂರಿನವರಿಗೆ ಗೊತ್ತಿಲ್ಲ ಅಂದರೆ ಲೋಕಕ್ಕೇ ಗೊತ್ತಿಲ್ಲ ಅಂತ ಅಲ್ಲ.

ನೇಮಕಾತಿ_ಅಕ್ಕ:
ಹನ್ನೊಂದು ವರ್ಷದಿಂದ ಜನರನ್ನು ಆರಿಸುವ ಕೆಲಸವೇ ನನ್ನದು. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ನೌಕ್ರಿ ಅನ್ನುವ ಕೆಲಸ ಹುಡುಕುವ ವೆಬ್‌ಸೈಟಿನಲ್ಲಿ ಒಂದು ಹುದ್ದೆ ಹಾಕಿದರೆ ನೂರಾರು ರೆಸ್ಯೂಮೆ ಬಂದು ಬೀಳುತ್ತವೆ. ಅಷ್ಟನ್ನೂ ಕೂತು ಓದಲು ಆಗುವುದಿಲ್ಲ. ಎಷ್ಟೋ ಸಲ ಮ್ಯಾನೇಜರೇ ಹತ್ತು ಕಂಪನಿಗಳ ಹೆಸರು ಕೊಟ್ಟು "ಇಲ್ಲಿಂದ ಬಂದವರನ್ನು ಮೊದಲು ನೋಡಿ" ಅನ್ನುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಕಂಪನಿ ಇಲ್ಲದಿದ್ದರೆ ನಿಮ್ಮ ರೆಸ್ಯೂಮೆ ತೆರೆಯುವುದೇ ಇಲ್ಲ. ಇದು ಸರಿ ಅಂತ ಹೇಳುತ್ತಿಲ್ಲ, ನಡೆಯುವುದು ಹೀಗೆ. ಹಾಗಾಗಿ ಹೆಸರಿನ ಪೆಟ್ಟು ಬೀಳುವುದು ಬಾಗಿಲಲ್ಲಿ. ಒಳಗೆ ಬಂದು ಕೂತ ಮೇಲೆ ಐದು ನಿಮಿಷಕ್ಕೆ ಹೆಸರು ಮರೆತುಹೋಗುತ್ತದೆ, ಮಾತೆಲ್ಲ ಕೆಲಸದ ಬಗ್ಗೆಯೇ.

ಇನ್ನೊಂದು ವಿಷಯ. ಈ ಪೆಟ್ಟು ಜೋರಾಗಿ ಬೀಳುವುದು ಮೊದಲ ಸಲ ಕೆಲಸ ಬದಲಿಸುವಾಗ. ಎರಡನೇ ಸಲಕ್ಕೆ ಎಲ್ಲರೂ ನೋಡುವುದು ಈಗ ಎಲ್ಲಿದ್ದೀರಿ ಅಂತ, ಅದಕ್ಕಿಂತ ಹಿಂದಿನದ್ದಲ್ಲ. ಹತ್ತು ವರ್ಷ ಆದಮೇಲೆ ನಿಮ್ಮ ಮೊದಲ ಕಂಪನಿ ಯಾವುದು ಅಂತ ನಾನಂತೂ ಯಾರನ್ನೂ ಕೇಳಿಲ್ಲ.

ತೆಂಗಿನಸೀಮೆಯವರೇ, ತಡವರಿಸಿದೆ ಅಂದಿರಿ. ಅಲ್ಲೇ ನಿಮಗೆ ನಷ್ಟ ಆಗಿದ್ದು. ರೆಸ್ಯೂಮೆಯಲ್ಲಿ ಈಗ ಏನು ಬರೆದಿದ್ದೀರಿ ಅಂತ ಇಲ್ಲಿ ಹಾಕಿ.

ತೆಂಗಿನಸೀಮೆ:
ಅಕ್ಕ, ಹೀಗಿದೆ: "ಸ್ಟಾರ್ಟಪ್ ಕಂಪನಿಯಲ್ಲಿ ಬ್ಯಾಕೆಂಡ್ ಡೆವಲಪರ್. ಎಪಿಐ ಬರೆಯುವುದು, ಡೇಟಾಬೇಸ್ ನಿರ್ವಹಣೆ, ಬಗ್ ಸರಿಪಡಿಸುವುದು."

ನೇಮಕಾತಿ_ಅಕ್ಕ:
ಇದು ಯಾರ ರೆಸ್ಯೂಮೆ ಬೇಕಾದರೂ ಆಗಬಹುದು ಅಲ್ವಾ? ಕಂಪನಿ ಹೆಸರಿನ ಕೆಳಗೇ ಒಂದು ಸಾಲು ಹಾಕಿ: "ಹಾಲಿನ ಡೇರಿಗಳ ಖರೀದಿ ಲೆಕ್ಕದ ಸಾಫ್ಟ್‌ವೇರ್, ಇಷ್ಟು ಡೇರಿ, ದಿನಕ್ಕೆ ಇಷ್ಟು ರೈತರ ಎಂಟ್ರಿ." ಆಮೇಲೆ ನಿಮ್ಮ ಕೆಲಸ: "ನೆಟ್‌ವರ್ಕ್ ಇಲ್ಲದಾಗ ಎಂಟ್ರಿಗಳನ್ನು ಮೆಷಿನ್ನಲ್ಲೇ ಉಳಿಸಿ, ನೆಟ್ ಬಂದಾಗ ಎರಡು ಸಲ ಏರದಂತೆ ಸರ್ವರ್‌ಗೆ ಕಳಿಸುವ ಭಾಗ ಪೂರ್ತಿ ನನ್ನದು." ಅಂಕಿ ನಿಜವಾದದ್ದೇ ಇರಲಿ. ನೀವು ಇಲ್ಲಿ ನಮಗೆ ಹೇಳಿದ್ದು ಎಷ್ಟು ಚೆನ್ನಾಗಿತ್ತು! ಅದನ್ನೇ ಬರೆಯಿರಿ.

ಗುಬ್ಬಿ_ಗೂಡು:
ವಿಷಯ ಬಿಟ್ಟು ಹೇಳುತ್ತಿದ್ದೇನೆ, ಕ್ಷಮಿಸಿ. ನಮ್ಮಮ್ಮ ದಿನಾ ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕುತ್ತಾರೆ. ಎಸ್‌ಎಂಎಸ್ ಬಂದ ತಕ್ಷಣ ನನಗೆ ಫೋನ್ ಮಾಡಿ "ಫ್ಯಾಟ್ ಎಷ್ಟು ಬಂದಿದೆ ಓದು" ಅನ್ನುತ್ತಾರೆ. ಮೊದಲು ಚೀಟಿ ಕೊಡುತ್ತಿದ್ದರು, ಅದು ಸೆರಗಿನ ಗಂಟಲ್ಲೇ ಒದ್ದೆಯಾಗಿ ಅಳಿಸಿಹೋಗುತ್ತಿತ್ತು. ನಿಮ್ಮದೇ ಸಾಫ್ಟ್‌ವೇರೋ ಬೇರೆಯವರದ್ದೋ ಗೊತ್ತಿಲ್ಲ, ಆದರೆ ಒಳ್ಳೆ ಕೆಲಸ ಮಾಡುತ್ತಿದ್ದೀರಿ.

ತೆಂಗಿನಸೀಮೆ:
ತುಂಬಾ ಸಂತೋಷ ಆಯ್ತು ಇದನ್ನು ಓದಿ. ಅಮ್ಮನಿಗೆ ನಮಸ್ಕಾರ ಹೇಳಿ.

ಬಯಲುಸೀಮೆ_85:
ನಾನು ಬೇರೆ ಪ್ರಶ್ನೆ ಕೇಳುತ್ತೇನೆ, ಯಾರೂ ಅದನ್ನು ಎತ್ತಲಿಲ್ಲ. 26 ಜನ ಇದ್ದವರು 14 ಯಾಕಾದರು? ಹೆಸರಿಗಿಂತ ಅದು ಮುಖ್ಯ. ಕಂಪನಿಗೆ ಡೇರಿಗಳಿಂದ ದುಡ್ಡು ಬರುತ್ತಿದೆಯಾ, ಇಲ್ಲ ಹೂಡಿಕೆದಾರರ ಹಣದಲ್ಲೇ ನಡೆಯುತ್ತಿದೆಯಾ? 2021ರಲ್ಲಿ ಕೇಳಿದವರಿಗೆಲ್ಲ ಬಂಡವಾಳ ಸಿಕ್ಕಿತು. 2022ರಿಂದ ಆ ನಲ್ಲಿ ಸಣ್ಣಗಾಯಿತು. ನಿಮ್ಮದು ಯಾವ ಜಾತಿಯ ಕಂಪನಿ ಅಂತ ಮೊದಲು ತಿಳಿದುಕೊಳ್ಳಿ.

ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟಿಗೆ ಹೋಗಿ ಹೆಸರು ಹಾಕಿದರೆ ಯಾವಾಗ ನೋಂದಣಿ ಆಗಿದೆ, ಬಂಡವಾಳ ಎಷ್ಟು, ನಿರ್ದೇಶಕರು ಯಾರು, ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಕಾಣುತ್ತದೆ. ಸ್ವಲ್ಪ ಶುಲ್ಕ ಕಟ್ಟಿದರೆ ಲಾಭ ನಷ್ಟದ ಪಟ್ಟಿಯನ್ನೂ ನೋಡಬಹುದು. ಮೂರು ವರ್ಷ ದುಡಿದ ಜಾಗ, ಇಷ್ಟು ನೋಡದೆ ಇರಬಾರದು.

ಲೆಕ್ಕದ_ಪುಸ್ತಕ:
ಬಯಲುಸೀಮೆಯವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ನಾನು ಸಿಎ. ಸಣ್ಣ ಕಂಪನಿಗಳ ಲೆಕ್ಕ ದಿನಾ ನೋಡುತ್ತೇನೆ. ದುಡ್ಡು ಕಡಿಮೆ ಬಿದ್ದಾಗ ಅವರು ಮೊದಲು ನಿಲ್ಲಿಸುವುದು ಸಂಬಳ ಅಲ್ಲ. ಸಂಬಳ ನಿಂತರೆ ಅವತ್ತೇ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲು ತಡವಾಗುವುದು ಪಿಎಫ್ ಮತ್ತು ಟಿಡಿಎಸ್ (ಸಂಬಳದಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ). ಸಂಬಳದ ಚೀಟಿಯಲ್ಲಿ ಕಡಿತ ಕಾಣುತ್ತದೆ, ಆದರೆ ದುಡ್ಡು ಕಟ್ಟಿರುವುದಿಲ್ಲ.

ಪ್ರತಿ ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ನೋಡಿ. ಟಿಡಿಎಸ್‌ಗೆ ನಿಮ್ಮ ಹೆಸರಿನಲ್ಲಿ ಎಷ್ಟು ತೆರಿಗೆ ಕಟ್ಟಿದ್ದಾರೆ ಅಂತ ತೋರಿಸುವ ಫಾರಂ 26ಎಎಸ್ ನೋಡಿ, ಅದು ಮೂರು ತಿಂಗಳಿಗೊಮ್ಮೆ ಬರುವ ಲೆಕ್ಕವಾದ್ದರಿಂದ ಸ್ವಲ್ಪ ತಡವಾಗಿ ಕಾಣಬಹುದು. ಒಂದು ಧೈರ್ಯದ ಮಾತು: ನಿಮ್ಮ ಸಂಬಳದಿಂದ ತೆರಿಗೆ ಹಿಡಿದು ಕಂಪನಿ ಕಟ್ಟದಿದ್ದರೆ, ಅದನ್ನು ಮತ್ತೆ ನಿಮ್ಮಿಂದ ವಸೂಲು ಮಾಡುವ ಹಾಗಿಲ್ಲ ಅಂತ ಕಾನೂನೇ ಇದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ.

ತೆಂಗಿನಸೀಮೆ:
ಸರ್, ಈಗಲೇ ನೋಡಿದೆ. ನಾಲ್ಕು ತಿಂಗಳಿಂದ ಪಿಎಫ್ ಏರಿಲ್ಲ. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ 1,800 ರೂಪಾಯಿ ಕಡಿತ ಇದೆ. ನನಗೆ ಗೊತ್ತೇ ಇರಲಿಲ್ಲ. ಈಗ 14 ಜನ ಮಾತ್ರ ಇರುವುದರಿಂದ ಪಿಎಫ್ ಕಟ್ಟಬೇಕಾಗಿಲ್ಲ ಅಂತ ಏನಾದರೂ ಇದೆಯಾ?

ಲೆಕ್ಕದ_ಪುಸ್ತಕ:
ಇಲ್ಲ. 20 ಜನ ಇದ್ದಾಗ ಒಮ್ಮೆ ಪಿಎಫ್ ಕಾಯ್ದೆ ಅನ್ವಯ ಆದಮೇಲೆ ಜನ ಕಡಿಮೆ ಆದರೂ ಅದು ಮುಂದುವರಿಯುತ್ತದೆ. ನಿಮ್ಮ ಪಾಲು ಕಡಿತ ಮಾಡಿ ಕಟ್ಟದೆ ಇರುವುದು ಕ್ರಿಮಿನಲ್ ಅಪರಾಧ. ಮೊದಲು ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿನಲ್ಲಿ ಬೇಡ. ಉತ್ತರ ಬರದಿದ್ದರೆ ಇಪಿಎಫ್‌ಒ (ಪಿಎಫ್ ಸಂಸ್ಥೆ) ದೂರಿನ ಪೋರ್ಟಲ್ ಇದೆ.

ಬೆಳ್ಳಂದೂರು_ಕೆರೆ:
ನಾನು ಮೊದಲೇ ಹೇಳಿದೆ, ಸೇರಿಬಿಡು ಅಂತ.

ಹುಬ್ಬಳ್ಳಿ_ಗಿರ್ಮಿಟ್:
ಸ್ವಲ್ಪ ತಡೀರಿ. ಪಿಎಫ್ ತಡವಾಯಿತು ಅಂದ ಮಾತ್ರಕ್ಕೆ ಸಿಕ್ಕ ಕಡೆ ಹಾರಬೇಕಾ? ಫ್ರೆಶರ್ ಹಂತಕ್ಕೆ ಇಳಿದು ಸೇರಿದರೆ ಮುಂದಿನ ಸಂಬಳ, ಬಡ್ತಿ ಎಲ್ಲ ಅಲ್ಲಿಂದಲೇ ಲೆಕ್ಕ. ಮೂರು ವರ್ಷದ ಕೆಲಸವನ್ನು ನೀವೇ ಅಳಿಸಿದ ಹಾಗೆ. ಹೊರಗೆ ಬರಲಿ, ಒಪ್ಪುತ್ತೇನೆ. ಆದರೆ ತನ್ನ ಕೆಲಸದ ಬೆಲೆ ಗೊತ್ತಿರುವ ಕಡೆಗೆ ಹೋಗಲಿ. ಡೇರಿ, ತೂಕದ ಮೆಷಿನ್, ಗೋಡೌನು ಇಂಥ ಯಂತ್ರಗಳ ಜೊತೆ ಮಾತಾಡುವ ಸಾಫ್ಟ್‌ವೇರ್ ಮಾಡುವ ಕಂಪನಿಗಳಿಗೆ ಇವರಂಥವರು ಸುಲಭಕ್ಕೆ ಸಿಗುವುದಿಲ್ಲ.

ಬೆಳ್ಳಂದೂರು_ಕೆರೆ:
ಅಂಥ ಕಂಪನಿ ಸಿಗುವ ತನಕ ಮನೆ ಬಾಡಿಗೆ ಯಾರು ಕಟ್ಟುತ್ತಾರೆ?

ಹುಬ್ಬಳ್ಳಿ_ಗಿರ್ಮಿಟ್:
ಸಂಬಳ ಇನ್ನೂ ಬರುತ್ತಿದೆಯಲ್ಲ ಅಣ್ಣ. ಕೆಲಸ ಮಾಡುತ್ತಲೇ ಹುಡುಕಬಹುದು.

ಮಲೆನಾಡ_ಮಳೆ:
ನನ್ನ ಅನುಭವ ಹೇಳುತ್ತೇನೆ. ನಾನಿದ್ದ ಸ್ಟಾರ್ಟಪ್ ಒಂದು ಶುಕ್ರವಾರ ಮಧ್ಯಾಹ್ನ ಮುಚ್ಚಿತು. ಹೆಸರು ಬೇಡ. ಲ್ಯಾಪ್‌ಟಾಪ್ ಕೊಟ್ಟು ಹೋಗಿ ಅಂದರು, ರಿಲೀವಿಂಗ್ ಲೆಟರ್ ಆಮೇಲೆ ಕಳಿಸುತ್ತೇವೆ ಅಂದರು. ಬರಲೇ ಇಲ್ಲ. ಆರು ತಿಂಗಳ ನಂತರ ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಮೇಲ್ ಕಳಿಸಿದರೆ ವಾಪಸ್ ಬಂತು, ಯಾಕೆಂದರೆ ಆ ಕಂಪನಿಯ ಡೊಮೇನೇ ಹೋಗಿತ್ತು. ಫೋನ್ ಸ್ವಿಚ್ ಆಫ್. ಆಫೀಸಿಗೆ ಆಳು ಕಳಿಸಿದರೆ ಅಲ್ಲಿ ಜಿಮ್ ತೆರೆದಿದ್ದರು. ನಾನು ಸುಳ್ಳು ಹೇಳಿದ್ದೇನೆ ಅಂತಲೇ ಅವರಿಗೆ ಅನುಮಾನ. ಆ ಎರಡು ವಾರ ನಿದ್ದೆ ಮಾಡಿಲ್ಲ. ಕೊನೆಗೆ ನನ್ನನ್ನು ಉಳಿಸಿದ್ದು ಎರಡು ವರ್ಷದ ಫಾರಂ 16 (ಕಂಪನಿ ಕೊಡುವ ತೆರಿಗೆ ಕಡಿತದ ಪತ್ರ), ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತೆ ಯುಎಎನ್‌ನಲ್ಲಿ (ನನ್ನ ಪಿಎಫ್ ನಂಬರಿನಲ್ಲಿ) ಇದ್ದ ಸರ್ವಿಸ್ ಹಿಸ್ಟರಿ.

ಸಣ್ಣ ಕಂಪನಿಯಲ್ಲಿ ಇರುವವರೆಲ್ಲ ಇವತ್ತೇ ಕೂತು ಆಫರ್ ಲೆಟರ್, ಸಂಬಳದ ಚೀಟಿ, ಫಾರಂ 16, ಇನ್‌ಕ್ರಿಮೆಂಟ್ ಲೆಟರ್ ಎಲ್ಲ ಸ್ವಂತ ಇಮೇಲ್‌ಗೆ ಹಾಕಿಕೊಳ್ಳಿ. ಕಂಪನಿ ಇಮೇಲ್ ಯಾವ ಹೊತ್ತಿಗೆ ಬಂದ್ ಆಗುತ್ತದೋ ಹೇಳಲಾಗದು. ಆದರೆ ಕಂಪನಿಯ ಕೋಡ್ ಮಾತ್ರ ಎತ್ತಿಕೊಳ್ಳಬೇಡಿ, ಅದು ನಮ್ಮದಲ್ಲ.

ಬಿಳಿ_ಕಾಗದ:
ಇದನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆ ಪಿನ್ ಮಾಡಿ.

ದಾವಣಗೆರೆ_ಮಂಡಕ್ಕಿ:
ಷೇರಿನ ಆಸೆ ತೋರಿಸಿ ಸಂಬಳ ಕಡಿಮೆ ಕೊಡುತ್ತಾರಲ್ಲ, ಅದರ ಬಗ್ಗೆ ಯಾರಾದರೂ ಹೇಳಿ. ನನಗೆ 1,000 ಆಪ್ಷನ್ ಕೊಟ್ಟಿದ್ದಾರೆ. ಅದು ಎಷ್ಟು ದುಡ್ಡು ಅಂತಲೇ ಅರ್ಥ ಆಗುತ್ತಿಲ್ಲ.

ಲೆಕ್ಕದ_ಪುಸ್ತಕ:
ಆಪ್ಷನ್ ಅಂದರೆ ಷೇರು ಅಲ್ಲ. ಮುಂದೆ ಒಂದು ನಿಗದಿ ಬೆಲೆಗೆ ಷೇರು ಕೊಳ್ಳುವ ಹಕ್ಕು, ಅಷ್ಟೇ. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುತ್ತದೆ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಏನೂ ಇಲ್ಲ.

ನಿಮ್ಮ 1,000 ಆಪ್ಷನ್‌ಗೆ ನಿಗದಿ ಬೆಲೆ 10 ರೂಪಾಯಿ, ನೀವು ಕೊಳ್ಳುವ ದಿನ ಷೇರಿನ ಮೌಲ್ಯ 210 ಅಂತ ಇಟ್ಟುಕೊಳ್ಳಿ. ನೀವು ಕೊಡುವುದು 10,000. ಆದರೆ ಉಳಿದ 2 ಲಕ್ಷವನ್ನು ಸಂಬಳ ಅಂತಲೇ ಲೆಕ್ಕ ಹಾಕುತ್ತಾರೆ. 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 62,400 ರೂಪಾಯಿ ತೆರಿಗೆ. ಷೇರು ಮಾರಿಲ್ಲ, ಕೈಗೆ ಒಂದು ಪೈಸೆ ಬಂದಿಲ್ಲ, ತೆರಿಗೆ ಮಾತ್ರ ಕಟ್ಟಬೇಕು. ಕೆಲವು ಸ್ಟಾರ್ಟಪ್‌ಗಳ ನೌಕರರಿಗೆ ಈ ತೆರಿಗೆಯನ್ನು ಮುಂದೂಡುವ ಸೌಲಭ್ಯ 2020ರ ಬಜೆಟ್‌ನಲ್ಲಿ ಬಂತು. ಅದಕ್ಕೆ ಡಿಪಿಐಐಟಿ (ಕೇಂದ್ರದ ಕೈಗಾರಿಕಾ ಇಲಾಖೆ) ಸ್ಟಾರ್ಟಪ್ ಅಂತ ಕೊಡುವ ಮಾನ್ಯತೆ ಸಾಲದು, ತೆರಿಗೆ ವಿನಾಯಿತಿಯ 80-ಐಎಸಿ ಸರ್ಟಿಫಿಕೇಟ್ ಬೇಕು. ಅದು ಇದೆಯಾ ಅಂತ ಕೇಳಿ. ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು ಅಂತಲೂ ಕೇಳಿ, ಎಷ್ಟೋ ಕಡೆ 90 ದಿನ ಮಾತ್ರ ಇರುತ್ತದೆ. ಮತ್ತೆ ಕಂಪನಿಯ ಒಟ್ಟು ಷೇರು ಎಷ್ಟು? ಅದು ಗೊತ್ತಿಲ್ಲದೆ 1,000 ಅನ್ನುವ ಅಂಕಿಗೆ ಅರ್ಥವೇ ಇಲ್ಲ.

ದಾವಣಗೆರೆ_ಮಂಡಕ್ಕಿ:
ಅಬ್ಬಾ. ನಾಳೆಯೇ ಕೇಳುತ್ತೇನೆ. ಧನ್ಯವಾದ ಸರ್.

ಸಂಜೆ_ಮಲ್ಲಿಗೆ:
ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು. ನಾನು 18 ಜನರ ಕಂಪನಿಯಲ್ಲಿ ಇದ್ದೆ. ಅಲ್ಲಿ ಬಸುರಿಯಾದ ಮೊದಲ ಉದ್ಯೋಗಿ ನಾನೇ. "ನಮ್ಮಲ್ಲಿ ಅದಕ್ಕೆ ಪಾಲಿಸಿ ಇಲ್ಲ, ಎರಡು ತಿಂಗಳು ಸಂಬಳ ಇಲ್ಲದ ರಜೆ ತಗೊಳ್ಳಿ" ಅಂದರು. ಪಾಲಿಸಿ ಇಲ್ಲದಿದ್ದರೆ ಏನಂತೆ, ಕಾನೂನು ಇದೆಯಲ್ಲ! ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಕೊಡಲೇಬೇಕು, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ನಾನು ಕಾಯ್ದೆಯ ಪುಟವನ್ನೇ ಪ್ರಿಂಟ್ ಹಾಕಿ ಟೇಬಲ್ ಮೇಲೆ ಇಟ್ಟೆ. ಕೈ ನಡುಗುತ್ತಿತ್ತು. ನನ್ನ ಮುಂದೆಯೇ ಓದಿದರು, ಎರಡು ಸಲ. ಆಮೇಲೆ ಕೊಟ್ಟರು, ಪೂರ್ತಿ ಕೊಟ್ಟರು. ನನ್ನ ನಂತರ ಇನ್ನಿಬ್ಬರು ಕೇಳದೆಯೇ ತಗೊಂಡರು.

ದೊಡ್ಡ ಕಡೆ ಇದೆಲ್ಲ ಮೊದಲೇ ಬರೆದಿಟ್ಟಿರುತ್ತದೆ. ಸಣ್ಣ ಕಡೆ ಪ್ರತಿಯೊಂದನ್ನೂ ನಾವೇ ಕೇಳಿ ಪಡೆಯಬೇಕು. ಕರಿಯರ್ ಅಂದರೆ ಬರೀ ಮುಂದಿನ ಸಂಬಳ ಅಲ್ಲ, ಇದೂ ಸೇರುತ್ತದೆ.

ನೇಮಕಾತಿ_ಅಕ್ಕ:
ಸಂಜೆ ಮಲ್ಲಿಗೆಯವರೇ, ಆ ಪುಟ ಪ್ರಿಂಟ್ ಹಾಕಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ.

ಕೋಟೆ_ನಾಡು:
ಹೆಣ್ಣು ನೋಡಲು ಹೋದಾಗಿನ ಕಥೆ ಯಾರೂ ಹೇಳಲಿಲ್ಲ. "ಹುಡುಗ ಯಾವ ಕಂಪನಿ?" ಅಂತ ಕೇಳಿ, ಹೆಸರು ಹೇಳಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಲ್ಲ. ಕಾಫಿ ಲೋಟ ನೋಡುತ್ತಾ ಕೂತಿರಬೇಕು. ಮನೆ ಸಾಲಕ್ಕೆ ಹೋದಾಗಲೂ ಅಷ್ಟೇ. ಬ್ಯಾಂಕಿನವರ ಹತ್ತಿರ ಕಂಪನಿಗಳ ಪಟ್ಟಿ ಇತ್ತು, ಅದರಲ್ಲಿ ನಮ್ಮದು ಇರಲಿಲ್ಲ. ಮೂರು ವರ್ಷದ ಐಟಿ ರಿಟರ್ನ್ ಕೊಟ್ಟು ಕಾದು ತಗೊಂಡೆ. ಅಪ್ಪನ ಮಾತಿಗೂ ಕಾರಣ ಇರುತ್ತದೆ ಅಂತ ಹೇಳಲು ಇದನ್ನು ಬರೆದೆ.

ಡಲ್ಲಾಸ್_ಕನ್ನಡಿಗ:
ಅಮೆರಿಕಕ್ಕೆ ಬರುವ ಆಸೆ ಇದ್ದವರು ಇದನ್ನೂ ತಿಳಿದಿರಿ. ಎಚ್-1ಬಿ ಕೆಲಸದ ವೀಸಾದಲ್ಲಿ ಸಣ್ಣ ಕಂಪನಿ ಸೇರಿ ಅದು ಮುಚ್ಚಿದರೆ ಇನ್ನೊಂದು ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ನನಗೆ ಹಾಗೇ ಆಯಿತು. ಆದರೆ ನನ್ನ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಮಂಜೂರಾಗಿತ್ತು, ಹಾಗಾಗಿ ಕಂಪನಿ ಹೋದರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನನ್ನ ಜಾಗ ಉಳಿಯಿತು. ಇಲ್ಲಿ ಸಣ್ಣ ಕಂಪನಿ ಸೇರುವ ಮುಂಚೆ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ.

ಮಂಡ್ಯ_ಸಕ್ಕರೆ:
ಒಂದು ವಿಷಯಕ್ಕೆ ನನ್ನ ತಕರಾರು ಇದೆ. ಸಣ್ಣ ಕಂಪನಿಯಲ್ಲಿ ಎಲ್ಲ ಕಲಿಯಬಹುದು ಅನ್ನುತ್ತಾರೆ. ಕಲಿಸುವವರು ಯಾರು? ನಾನು ಆರು ಜನರ ತಂಡದಲ್ಲಿ ಎರಡನೇ ವರ್ಷಕ್ಕೇ "ಹೆಡ್ ಆಫ್ ಇಂಜಿನಿಯರಿಂಗ್" ಆಗಿದ್ದೆ. ನನ್ನ ಕೋಡ್ ನೋಡಿ ತಪ್ಪು ಹೇಳುವವರು ಯಾರೂ ಇರಲಿಲ್ಲ. ದೊಡ್ಡ ಕಂಪನಿಗೆ ಹೋದಾಗ ಸೀನಿಯರ್ ಇಂಜಿನಿಯರ್ ಅಂತ ತಗೊಂಡರು. ಬೇಜಾರಾಯಿತು. ಆದರೆ ಮೊದಲ ತಿಂಗಳಲ್ಲೇ ಒಬ್ಬರು ನನ್ನ 40 ಸಾಲಿನ ಕೋಡಿಗೆ 23 ಟಿಪ್ಪಣಿ ಬರೆದರು. ಒಂದೊಂದೂ ಸರಿಯಾಗಿತ್ತು. ಆ ವರ್ಷ ಕಲಿತಷ್ಟು ಹಿಂದಿನ ನಾಲ್ಕು ವರ್ಷದಲ್ಲಿ ಕಲಿತಿರಲಿಲ್ಲ. ತೆಂಗಿನಸೀಮೆಯವರೇ, ನಿಮ್ಮ ಕಂಪನಿಯಲ್ಲಿ ನಿಮಗಿಂತ ಹೆಚ್ಚು ಬಲ್ಲವರು ಎಷ್ಟು ಜನ ಉಳಿದಿದ್ದಾರೆ?

ತೆಂಗಿನಸೀಮೆ:
ಒಬ್ಬರು ಇದ್ದರು. ಮೆಷಿನ್ನಿನ ಸೀರಿಯಲ್ ಪೋರ್ಟ್ ಕೆಲಸ ಕಲಿಸಿದ್ದೇ ಅವರು. ಡಿಸೆಂಬರ್‌ನಲ್ಲಿ ಬಿಟ್ಟರು.

ಬಯಲುಸೀಮೆ_85:
ಅಲ್ಲಿಗೆ ಉತ್ತರ ಸಿಕ್ಕಿತು ನೋಡಿ.

ಹುಬ್ಬಳ್ಳಿ_ಗಿರ್ಮಿಟ್:
ಸರಿ, ಇದಕ್ಕೆ ನಾನು ಸೋತೆ. ಹೊರಗೆ ಬನ್ನಿ ತಮ್ಮಾ. ಆದರೆ ಫ್ರೆಶರ್ ಹಂತಕ್ಕೆ ಮಾತ್ರ ಒಪ್ಪಬೇಡಿ.

ಧಾರವಾಡ_ಪೇಢಾ:
ಸೇಲ್ಸ್‌ನಲ್ಲಿ ಇರುವವರಿಗೂ ಇದೇ ಮಾತು ಅನ್ವಯ ಆಗುತ್ತಾ? ನಾನು ಕೋಡ್ ಬರೆಯುವವಳಲ್ಲ.

ನೇಮಕಾತಿ_ಅಕ್ಕ:
ನಿಮಗೆ ಇನ್ನೂ ಸುಲಭ. ಹೆಸರಿಲ್ಲದ ಮಾಲನ್ನು ಮಾರಿ ತೋರಿಸಿದ್ದೀರಿ ಅಂದರೆ ಅದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ. ಟಾರ್ಗೆಟ್ ಎಷ್ಟಿತ್ತು, ಎಷ್ಟು ಮುಟ್ಟಿಸಿದಿರಿ ಅಂತ ಬರೆಯಿರಿ.

ತೆಂಗಿನಸೀಮೆ:
ಎಲ್ಲರಿಗೂ ಒಂದು ಸುದ್ದಿ. ಹತ್ತು ದಿನ ಆಯ್ತು. ಪಿಎಫ್ ಬಗ್ಗೆ ಇಮೇಲ್ ಹಾಕಿದೆ. ಮಾರನೇ ದಿನ ಮಾಲೀಕರೇ ಕರೆದು ಕೂರಿಸಿಕೊಂಡರು. ಮುಚ್ಚಿಡಲಿಲ್ಲ. ಎರಡು ದೊಡ್ಡ ಡೇರಿಗಳಿಂದ ಎಂಟು ತಿಂಗಳ ಬಾಕಿ ಬರಬೇಕಂತೆ, ಅದಕ್ಕೇ ಹೀಗಾಗಿದೆ ಅಂದರು. ನಾನು ಬಿಡಬೇಕು ಅಂದುಕೊಂಡಿದ್ದೇನೆ ಅಂತ ನೇರ ಹೇಳಿದೆ. ಸುಮ್ನೆ ಕೇಳಿಸಿಕೊಂಡು, ಕೊನೆಗೆ ರೆಫರೆನ್ಸ್‌ಗೆ ತಮ್ಮ ನಂಬರ್ ಕೊಡು ಅಂದರು. ರಿಲೀವಿಂಗ್ ಲೆಟರ್‌ನ ಒಕ್ಕಣೆ ನನ್ನ ಮುಂದೆಯೇ ಬರೆಸಿದರು.

ದೊಡ್ಡ ಕಂಪನಿಗೆ ಫೋನ್ ಮಾಡಿ ಹಂತದ ಬಗ್ಗೆ ಮತ್ತೆ ಕೇಳಿದೆ, ಬದಲಿಸಲು ಆಗಲ್ಲ ಅಂದರು. ಬೇಡ ಅಂದೆ. ಅಪ್ಪನಿಗೆ ಹೇಳಿದ್ದೇನೆ, ಎರಡು ದಿನ ಮಾತಾಡಿಲ್ಲ. ಅಕ್ಕ ಹೇಳಿದ ಹಾಗೆ ರೆಸ್ಯೂಮೆ ಪೂರ್ತಿ ಹೊಸದಾಗಿ ಬರೆದು ಒಂಬತ್ತು ಕಡೆ ಕಳಿಸಿದೆ, ಮೂರು ಕಡೆಯಿಂದ ಕರೆ ಬಂದಿದೆ. ಒಂದು ಕಡೆಯವರು ಫೋನ್‌ನಲ್ಲೇ ಎರಡು ಸಲ ಏರುವ ಎಂಟ್ರಿಯನ್ನು ಹೇಗೆ ತಡೆದಿರಿ ಅಂತ ಅರ್ಧ ಗಂಟೆ ಕೇಳಿದರು. ಕಂಪನಿ ಹೆಸರು ಕೇಳಲೇ ಇಲ್ಲ. ಅವರ ಇಂಟರ್‌ವ್ಯೂ ಸೋಮವಾರ.

ಲೆಕ್ಕದ_ಪುಸ್ತಕ:
ಒಳ್ಳೆಯದಾಗಲಿ. ಪಿಎಫ್ ಏರಿತಾ?

ತೆಂಗಿನಸೀಮೆ:
ಎರಡು ತಿಂಗಳದ್ದು ಏರಿದೆ ಸರ್. ಇನ್ನೆರಡು ಬಾಕಿ. 15ಕ್ಕೆ ಮತ್ತೆ ಪಾಸ್‌ಬುಕ್ ನೋಡುತ್ತೇನೆ.